ನೇತ್ರಾಣಿ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸಿಗೆ ಬೆಂಗಳೂರು: ಎಷ್ಟು ಗಂಟೆ ಬಿಡಬೇಕು?

ಹನುಮಂತನಗರ_ಅಲೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ನಾಲ್ವರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುವವರಿದ್ದೇವೆ. ಎಲ್ಲರದ್ದೂ ಓಪನ್ ವಾಟರ್ (ಡೈವಿಂಗಿನ ಮೊದಲ ಹಂತದ) ಕೋರ್ಸ್ ಆಗಿದೆ. ಶುಕ್ರವಾರ ರಾತ್ರಿ ಹೊರಡುವುದು, ಶನಿವಾರ ಎರಡು ಡೈವ್, ಭಾನುವಾರ ಮಧ್ಯಾಹ್ನ 12ರೊಳಗೆ ಇನ್ನೆರಡು, ರಾತ್ರಿ 8ರ ಸ್ಲೀಪರ್ ಬಸ್ಸಿಗೆ ವಾಪಸ್. ವಿಮಾನ ಹತ್ತುವ ಮುಂಚೆ 18 ಗಂಟೆ ಬಿಡಬೇಕು ಅಂತ ಗೊತ್ತು. ಘಾಟಿ ಹತ್ತುವ ಬಸ್ಸಿಗೂ ಅದೇ ಲೆಕ್ಕವಾ?

ಇನ್ನು ಮೂರು ವಿಷಯ. ಹೊಸ ಡೈವ್ ಕಂಪ್ಯೂಟರಿನಲ್ಲಿ (ಆಳ, ಸಮಯ ನೋಡಿ ಸಾರಜನಕದ ಲೆಕ್ಕ ಇಡುವ ಕೈಗಡಿಯಾರದಂಥದ್ದು) ಎತ್ತರದ ಸೆಟ್ಟಿಂಗ್ ಇದೆ, ಅದನ್ನು ಇಲ್ಲೇ ಬದಲಿಸಬೇಕಾ, ಅಲ್ಲಿಗೆ ಹೋದ ಮೇಲಾ? ಬೆಂಗಳೂರಿನ ಈಜುಕೊಳದಲ್ಲಿ ನನಗೆ 4 ಕೆಜಿ ತೂಕ ಸರಿಹೋಗುತ್ತದೆ, ಸಮುದ್ರದಲ್ಲೂ ಅಷ್ಟೇ ಸಾಕಾ? ಕ್ಯಾಮೆರಾ ಹೌಸಿಂಗನ್ನು (ನೀರು ನುಗ್ಗದ ಪೆಟ್ಟಿಗೆಯನ್ನು) ಮನೆಯಲ್ಲೇ ಮುಚ್ಚಿಕೊಂಡು ಹೋಗಬಹುದಾ?

ಬಾರ್_ಲೀಟರ್

ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಬಸ್ಸಿಗೂ ಲೆಕ್ಕ ಇದೆ. ನಿಮ್ಮ ಯೋಜನೆಯಲ್ಲಿ ಅದು ಕೂಡಿ ಬರುತ್ತಿಲ್ಲ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್‌, ಅಂದರೆ ಡ್ಯಾನ್‌, ಕೊಟ್ಟಿರುವ ಮಾರ್ಗಸೂಚಿಯನ್ನು ಪೂರ್ತಿ ಓದಿದರೆ ಅದು ವಿಮಾನದ ಒಳಗಿನ ಒತ್ತಡ 2,000ದಿಂದ 8,000 ಅಡಿ ಎತ್ತರಕ್ಕೆ ಸಮನಾಗಿರುವಾಗ ಅನ್ವಯಿಸುತ್ತದೆ. ಮೀಟರಿನಲ್ಲಿ ಸುಮಾರು 610ರಿಂದ 2,440. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಂದರೆ ನಮ್ಮ ಊರೇ ಆ ವ್ಯಾಪ್ತಿಯೊಳಗೆ ಬರುತ್ತದೆ. ಆಳದ ಒತ್ತಡದಲ್ಲಿ ದೇಹದೊಳಗೆ ಕರಗಿದ ಸಾರಜನಕ ಪೂರ್ತಿ ಹೊರಹೋಗುವ ಮುನ್ನ ಎತ್ತರಕ್ಕೆ ಹೋದರೆ, ಒತ್ತಡ ಇಳಿದು ಅದು ಗುಳ್ಳೆಗಟ್ಟಬಹುದು. ದೇಹಕ್ಕೆ ರೆಕ್ಕೆ, ಚಕ್ರ ಗೊತ್ತಾಗುವುದಿಲ್ಲ, ಸುತ್ತಲಿನ ಒತ್ತಡ ಮಾತ್ರ ಗೊತ್ತಾಗುತ್ತದೆ.

ಆ ಮಾರ್ಗಸೂಚಿಯ ಅಂಕಿಗಳು ಹೀಗಿವೆ. ಡಿಕಂಪ್ರೆಶನ್ ನಿಲುಗಡೆ (ಸಾರಜನಕ ಹೊರಹೋಗಲೆಂದು ಮೇಲೇರುವಾಗ ನಡುವೆ ನಿಲ್ಲುವುದು) ಬೇಕಿಲ್ಲದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಡೈವ್, ಅಥವಾ ಹಲವು ದಿನಗಳ ಡೈವ್ ಆಗಿದ್ದರೆ ಕನಿಷ್ಠ 18. ಕಡ್ಡಾಯ ಡಿಕಂಪ್ರೆಶನ್ ನಿಲುಗಡೆ ಮಾಡಿದ್ದರೆ 18ಕ್ಕಿಂತ ಗಣನೀಯವಾಗಿ ಹೆಚ್ಚು. ಬಹುತೇಕರು 24 ಇಟ್ಟುಕೊಳ್ಳುತ್ತಾರೆ. ನಿಮ್ಮದು ಎರಡನೇ ವರ್ಗ. ಭಾನುವಾರ 12ಕ್ಕೆ ಮೇಲೆ ಬಂದರೆ ಸೋಮವಾರ ಬೆಳಿಗ್ಗೆ 6ರವರೆಗೆ ಕರಾವಳಿಯಲ್ಲೇ ಇರಬೇಕು.

8ರ ಬಸ್ಸು ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿ ಸಾಗರ, ಶಿವಮೊಗ್ಗ ದಾರಿ ಹಿಡಿದರೆ ರಾತ್ರಿ 10–11ರ ಹೊತ್ತಿಗೆ ನೀವು 500 ಮೀಟರ್ ದಾಟಿರುತ್ತೀರಿ. ಡೈವ್ ಮುಗಿದು ಬರೀ 10–11 ಗಂಟೆ. ಮಂಗಳೂರು ಕಡೆ ಇಳಿದು ಶಿರಾಡಿ ಹತ್ತುವ ಬಸ್ಸಾದರೆ ಮೊದಲ ಮೂರ್ನಾಲ್ಕು ಗಂಟೆ ಕರಾವಳಿಯಲ್ಲೇ ಹೋಗುತ್ತದೆ, ಸ್ವಲ್ಪ ಸಮಯ ಸಿಗುತ್ತದೆ. ಆದರೆ ಸಕಲೇಶಪುರದಲ್ಲಿ ಒಂದೇ ಏಟಿಗೆ 900 ಮೀಟರಿಗೆ ಬಂದಿರುತ್ತೀರಿ. ರೈಲಿನಲ್ಲಿ ಸುಬ್ರಹ್ಮಣ್ಯ–ಸಕಲೇಶಪುರ ಘಾಟಿ ಹತ್ತಿದರೂ ಇದೇ ಕಥೆ.

ರಾತ್ರಿ_ಬಸ್

ಸಾರ್, ಇದು ಸ್ವಲ್ಪ ಅತಿ ಆಯ್ತು ಅನ್ಸುತ್ತೆ. ವಿಮಾನದಲ್ಲಿ ಒತ್ತಡ ಕಾಲು ಭಾಗ ಇಳಿಯುತ್ತೆ, ಬೆಂಗಳೂರಿಗೆ ಬಂದ್ರೆ ಹತ್ತರಲ್ಲಿ ಒಂದು ಭಾಗ. ಎರಡಕ್ಕೂ ಒಂದೇ ಅಳತೆಗೋಲು ಹಿಡಿದ್ರೆ ಹೇಗೆ? ವಾರಾಂತ್ಯಕ್ಕೆ ಹೋಗಿಬರೋರು ಎಷ್ಟೋ ಜನ ಅದೇ ರಾತ್ರಿ ಬಸ್ ಹಿಡೀತಾರೆ.

ಬಾರ್_ಲೀಟರ್

@ರಾತ್ರಿ_ಬಸ್ ನಿಮ್ಮ ಅನುಪಾತ ಸರಿಯಾಗಿದೆ. ಸಮುದ್ರಮಟ್ಟದಲ್ಲಿ 1,013 ಮಿಲಿಬಾರ್, ಬೆಂಗಳೂರಿನಲ್ಲಿ ಸುಮಾರು 907, ಒಳಗಿನ ಒತ್ತಡ 8,000 ಅಡಿಗೆ ಸಮನಾದ ವಿಮಾನದಲ್ಲಿ ಸುಮಾರು 750. ಬೆಂಗಳೂರಿಗೆ ಬರುವುದು ವಿಮಾನ ಹತ್ತುವುದಕ್ಕಿಂತ ಸೌಮ್ಯ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ನೌಕಾಪಡೆಯ ಕೋಷ್ಟಕವೂ ಎತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ದೇಹದಲ್ಲಿ ಉಳಿದ ಸಾರಜನಕದ ಗುಂಪಿಗೆ ತಕ್ಕಂತೆ ಬೇರೆ ಬೇರೆ ಕಾಯುವ ಸಮಯ ಕೊಡುತ್ತದೆ. ಕಡಿಮೆ ಎತ್ತರಕ್ಕೆ ಸಮಯವೂ ಕಡಿಮೆ. ಆ ಕೋಷ್ಟಕವನ್ನು ಸರಿಯಾಗಿ ಓದಬಲ್ಲವರು, ತಮ್ಮ ಡೈವ್‌ಗಳನ್ನು ಅದೇ ಕೋಷ್ಟಕದ ಪ್ರಕಾರ ಮಾಡಿದವರು ಅದನ್ನು ಬಳಸಲಿ.

ಆದರೆ ಇಲ್ಲಿ ಕೇಳುತ್ತಿರುವವರು ಕಂಪ್ಯೂಟರ್ ನೋಡಿಕೊಂಡು ಎರಡು ದಿನದಲ್ಲಿ ನಾಲ್ಕು ಡೈವ್ ಮಾಡುವ ಹೊಸಬರು. ಬೇಗ ತುಂಬುವ ಅಂಗಾಂಶಗಳು ಒಂದೆರಡು ಗಂಟೆಯಲ್ಲಿ ಖಾಲಿಯಾಗುತ್ತವೆ. ನಿಧಾನದವುಗಳದ್ದೇ ತೊಂದರೆ. ಬಹಳಷ್ಟು ಡೈವ್ ಕಂಪ್ಯೂಟರುಗಳು ಬಳಸುವ ಬ್ಯೂಲ್‌ಮನ್ ಲೆಕ್ಕದ ಮಾದರಿಯ 16 ಅಂಗಾಂಶಗಳಲ್ಲಿ ಕೊನೆಯದರ ಅರ್ಧಾಯು (ಅರ್ಧ ಖಾಲಿಯಾಗಲು ಬೇಕಾದ ಸಮಯ) 635 ನಿಮಿಷ, ಹತ್ತೂವರೆ ಗಂಟೆ. ರಾತ್ರಿ ನಿದ್ರೆ ಮುಗಿದರೂ ಶನಿವಾರದ ಶೇಷ ಅದರಲ್ಲಿ ಇನ್ನೂ ಇರುತ್ತದೆ, ಭಾನುವಾರದ್ದು ಅದರ ಮೇಲೆ ಸೇರುತ್ತದೆ. 18 ಗಂಟೆ ಎಂಬುದು ಈ ನಿಧಾನದ ಅಂಗಾಂಶಗಳಿಗಾಗಿ.

ಇನ್ನೊಂದು ಮಾತು. ದೇಹದೊಳಗಿನ ಗುಳ್ಳೆಗಳಿಂದ ಬರುವ ಡಿಕಂಪ್ರೆಶನ್ ಕಾಯಿಲೆಯ ಲಕ್ಷಣಗಳು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲಿ, ಹೆಚ್ಚುಕಮ್ಮಿ ಎಲ್ಲವೂ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಭುಜ, ಮೊಣಕೈಯಲ್ಲಿ ಆಳವಾದ ನೋವು, ಜೋಮು, ಅಸಹಜ ಸುಸ್ತು. ಸ್ಲೀಪರ್ ಬಸ್ಸಿನಲ್ಲಿ ಮುದುಡಿ ಮಲಗಿದವರು ಇವೆಲ್ಲ ಮಲಗಿದ ಭಂಗಿಯಿಂದ ಬಂದದ್ದು ಅಂತ ತಿಳಿದು ಸುಮ್ಮನಾಗುತ್ತಾರೆ. ನಡುರಾತ್ರಿ ಘಾಟಿಯಲ್ಲಿ ಆಮ್ಲಜನಕ ಕೊಡುವವರೂ ಇರುವುದಿಲ್ಲ.

ಪ್ರಾಣವಾಯು

ಆಮ್ಲಜನಕದ ಮಾತು ಬಂದದ್ದರಿಂದ ಸೇರಿಸುತ್ತೇನೆ. ಬುಕಿಂಗ್ ಮಾಡುವಾಗಲೇ ಕೇಳಿ: ದೋಣಿಯಲ್ಲಿ ಎಷ್ಟು ಲೀಟರ್ ಆಮ್ಲಜನಕ ಇದೆ? "ಇದೆ" ಅನ್ನುವುದು ಉತ್ತರವಲ್ಲ. ಪ್ರಥಮ ಚಿಕಿತ್ಸೆಯಲ್ಲಿ ನಾನ್-ರೀಬ್ರೀದರ್ ಮಾಸ್ಕ್‌ಗೆ ನಿಮಿಷಕ್ಕೆ 15 ಲೀಟರ್ ಬೇಕು. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ದೋಣಿ ಹಿಂದಿರುಗಲು ಒಂದೂವರೆ ಗಂಟೆ ಅಂತ ಹಿಡಿದರೆ 90 × 15 = 1,350 ಲೀಟರ್. ಕೈಯಲ್ಲಿ ಹಿಡಿದೊಯ್ಯುವ 400 ಲೀಟರಿನ ಚಿಕ್ಕ ಸಿಲಿಂಡರ್ 27 ನಿಮಿಷಕ್ಕೆ ಮುಗಿಯುತ್ತದೆ. ಆಸ್ಪತ್ರೆಗಳಲ್ಲಿ ಕಾಣುವ 10 ಲೀಟರ್ ನೀರಿನ ಅಳತೆಯ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಕೊಡುತ್ತದೆ, ಅದು ದಡ ಮುಟ್ಟಿಸುತ್ತದೆ.

ರೋಗಿಯನ್ನು ಅಂಗಾತ ಮಲಗಿಸಿ. ಪ್ರಜ್ಞೆ ಇದ್ದು ವಾಂತಿ ಇಲ್ಲದಿದ್ದರೆ ನೀರು ಕುಡಿಸಿ. 108ಕ್ಕೆ ಕರೆ ಮಾಡಿ. ಕೊನೆಯ ಡೈವ್‌ಗಳ ಆಳ, ಸಮಯ ಕಂಪ್ಯೂಟರಿನಲ್ಲಿ ಇರುತ್ತದೆ, ಅದನ್ನು ರೋಗಿಯ ಜೊತೆಗೇ ಕಳಿಸಿ. ಆಮ್ಲಜನಕ ಕೊಟ್ಟ ಮೇಲೆ ನೋವು ಹೋಯಿತೆಂದು ಅಲ್ಲಿಗೇ ನಿಲ್ಲಿಸಬಾರದು, ಅದು ಮರುಕಳಿಸಬಹುದು. ಮತ್ತೆ ನೀರಿಗಿಳಿಸಿ ಗುಣಪಡಿಸುತ್ತೇವೆ ಅನ್ನುವವರ ಮಾತು ಕೇಳಲೇಬೇಡಿ.

ಸೊನ್ನೆ_ಮೀಟರ್

ಕಂಪ್ಯೂಟರ್ ಬಗ್ಗೆ. ಎಲ್ಲ ಡೈವ್ ಕಂಪ್ಯೂಟರೂ ಅಳೆಯುವುದು ಒತ್ತಡವನ್ನು. ಆಳ ಎಂಬುದು ಅದರಿಂದ ಲೆಕ್ಕ ಹಾಕಿದ ಅಂಕಿ. ಹಾಗಾಗಿ ಮೇಲ್ಮೈಯ ಒತ್ತಡ ಎಷ್ಟು, ನೀರು ಸಿಹಿಯೋ ಉಪ್ಪೋ ಎಂಬ ಎರಡು ವಿಷಯ ಅದಕ್ಕೆ ಗೊತ್ತಿರಬೇಕು.

ನಿಮ್ಮದು ಎತ್ತರವನ್ನು ತಾನೇ ಓದುವ ಮಾದರಿಯಾದರೆ ಏನೂ ಬದಲಿಸಬೇಡಿ. ನೀರಿಗೆ ಹಾರುವ ಮುನ್ನ ದೋಣಿಯಲ್ಲೇ ಆನ್ ಮಾಡಿ, ಗಾಳಿಯ ಒತ್ತಡ ಓದಿಕೊಳ್ಳಲಿ. ನೀರು ತಾಗಿದಾಗ ತಾನಾಗಿ ಆನ್ ಆಗುತ್ತದೆ ಅಂತ ನಂಬಿ ಕೂರಬೇಡಿ. ಕೈಯಿಂದ ಬದಲಿಸುವ ಮಾದರಿಯಾದರೆ, ಉದಾಹರಣೆಗೆ ಸುಂಟೊ ಕಂಪನಿಯ ಹಲವು ಮಾದರಿಗಳಲ್ಲಿ, 0–300 ಮೀಟರ್, 300–1,500, 1,500–3,000 ಅಂತ ಮೂರು ಹಂತ ಇರುತ್ತವೆ. ಬೆಂಗಳೂರಿನ ಈಜುಕೊಳ ಎರಡನೇ ಹಂತ, ನೇತ್ರಾಣಿ ಮೊದಲನೆಯದು. ಎರಡನೇ ಹಂತದಲ್ಲೇ ಮರೆತು ಸಮುದ್ರಕ್ಕೆ ಹೋದರೆ ಆಳದಲ್ಲಿರಲು ನಿಮಗೆ ಸಿಗುವ ಸಮಯ ಕಡಿಮೆಯಾಗುತ್ತದೆ, ಅಪಾಯವಿಲ್ಲ. ಮೊದಲ ಹಂತದಲ್ಲಿಟ್ಟು ಎತ್ತರದ ಜಾಗದಲ್ಲಿ ಡೈವ್ ಮಾಡುವುದು ಮಾತ್ರ ಅಪಾಯ.

ನೀರಿನ ಸೆಟ್ಟಿಂಗ್ ತಪ್ಪಿದರೆ ಆಳದಲ್ಲಿ ಸುಮಾರು ಶೇ. 3 ವ್ಯತ್ಯಾಸ ಅಷ್ಟೆ. ಡಿಕಂಪ್ರೆಶನ್ ಲೆಕ್ಕ ಒತ್ತಡದ ಮೇಲೇ ನಡೆಯುವುದರಿಂದ ಅದಕ್ಕೆ ಧಕ್ಕೆಯಿಲ್ಲ.

ಒಂದು ಕುತೂಹಲದ ಸಂಗತಿ: ಇಂದಿನ ಬಹಳಷ್ಟು ಕಂಪ್ಯೂಟರುಗಳಲ್ಲಿರುವ ಜೆಡ್‌ಎಚ್‌ಎಲ್-16 ಲೆಕ್ಕವನ್ನು ರೂಪಿಸಿದ ಆಲ್ಬರ್ಟ್ ಬ್ಯೂಲ್‌ಮನ್ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ವೈದ್ಯರು. ಅವರಿಗೆ ಬೆಟ್ಟದ ಮೇಲಿನ ಸರೋವರಗಳಲ್ಲಿ ಡೈವ್ ಮಾಡುವವರ ಪ್ರಶ್ನೆ ಕಣ್ಣೆದುರಿಗೇ ಇತ್ತು. ಅದಕ್ಕೇ ಆ ಲೆಕ್ಕದಲ್ಲಿ ಸಮುದ್ರಮಟ್ಟವನ್ನು ಸುಮ್ಮನೆ ಊಹಿಸಿಕೊಂಡಿಲ್ಲ, ಒಟ್ಟು ಒತ್ತಡವನ್ನೇ ಹಿಡಿದಿದ್ದಾರೆ. ಎತ್ತರದ ಊರಿನಲ್ಲಿರುವ ನಮಗೆ ಅದು ತಕ್ಕುದಾದ ಲೆಕ್ಕ.

ಗ್ರೇಡಿಯೆಂಟ್ ಫ್ಯಾಕ್ಟರ್ (ಮಿತಿಗಿಂತ ಎಷ್ಟು ಒಳಗೆ ಉಳಿಯಬೇಕು ಎಂಬ ಸೆಟ್ಟಿಂಗ್) ಬದಲಿಸುವ ಅವಕಾಶ ಇದ್ದರೆ, ಹೊಸಬರು ಕಂಪನಿಯ ಮಧ್ಯಮ ಸೆಟ್ಟಿಂಗ್ ಬಿಟ್ಟು ಆಚೀಚೆ ಹೋಗುವುದು ಬೇಡ. 40/85 ಅಂದರೆ ಮೇಲೆ ಬರುವಾಗ ಮಾದರಿ ಒಪ್ಪುವ ಮಿತಿಯ ಶೇ. 85ರೊಳಗೆ ನಿಮ್ಮನ್ನು ಇಡುತ್ತದೆ. ನಾಲ್ವರೂ ಒಂದೇ ಸೆಟ್ಟಿಂಗ್ ಇಟ್ಟುಕೊಂಡರೆ ನೀರಿನಡಿ ಗೊಂದಲವಾಗದು.

ಯಲಹಂಕ_ಆರ್‌ಒವಿ

@ಸೊನ್ನೆ_ಮೀಟರ್ ಹೇಳಿದ್ದು ಇಲ್ಲಿನ ಕಾಲೇಜುಗಳಲ್ಲಿ ನೀರೊಳಗಿನ ರೋಬಾಟ್ ಕಟ್ಟುವ ಹುಡುಗರಿಗೂ ಅನ್ವಯ. ಎಂಎಸ್5837 ಒತ್ತಡ ಸಂವೇದಕಕ್ಕೆ ಸಿಗುವ ಆರ್ಡ್ವಿನೊ ಬೋರ್ಡಿನ ಸಿದ್ಧ ಕೋಡ್ ಲೈಬ್ರರಿಯಲ್ಲಿ ಆಳದ ಸೂತ್ರ ಮೇಲ್ಮೈ ಒತ್ತಡವನ್ನು 1,01,300 ಪಾಸ್ಕಲ್ ಅಂತ ನೇರವಾಗಿ ಬರೆದುಕೊಂಡಿದೆ. ಬೆಂಗಳೂರಿನಲ್ಲಿ ಮೇಜಿನ ಮೇಲಿಟ್ಟು ಓಡಿಸಿದರೆ ಆಳ ಸುಮಾರು −1.08 ಮೀಟರ್ ತೋರಿಸುತ್ತದೆ. ಸಂವೇದಕ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಪ್ರೋಗ್ರಾಂ ಶುರುವಾದಾಗ ಗಾಳಿಯಲ್ಲಿ 50 ಓದುಗಳ ಸರಾಸರಿ ತೆಗೆದು ಅದನ್ನೇ ಸೊನ್ನೆ ಮಾಡಿಕೊಳ್ಳಿ. ಸಿಹಿನೀರಿಗೆ ಸಾಂದ್ರತೆ 997, ಸಮುದ್ರಕ್ಕೆ 1,029.

ರೋಬಾಟಿನ ಮುಚ್ಚಿದ ಕವಚದ ಸೋರಿಕೆ ಪರೀಕ್ಷೆಗೆ ನೀರಿಗಿಳಿಸಿ ನೋಡುವ ಅಗತ್ಯವೇ ಇಲ್ಲ. ಕೈಪಂಪಿನಿಂದ ಒಳಗಿನ ಗಾಳಿಯನ್ನು 10 ಇಂಚು ಪಾದರಸದಷ್ಟು, ಅಂದರೆ ಮೂರನೇ ಒಂದು ಬಾರ್, ಎಳೆದು 15 ನಿಮಿಷ ಬಿಡಿ. ಮುಳ್ಳು 9ರ ಕೆಳಗೆ ಬಿದ್ದರೆ ಎಲ್ಲೋ ಸೋರುತ್ತಿದೆ. ಸಾಮಾನ್ಯವಾಗಿ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಮೇಲಿನ ಕೂದಲು, ಕೇಬಲ್ ತೂರುವ ಜಾಗದಲ್ಲಿ ಎಪಾಕ್ಸಿಯೊಳಗೆ ಉಳಿದ ಗುಳ್ಳೆ, ಅಕ್ರಿಲಿಕ್ ಕೊಳವೆಯ ತುದಿಯ ಗೀರು. ಕೇಬಲ್ಲಿನ ಹೊರಕವಚದೊಳಗೆ ಟೊಳ್ಳು ಜಾಗ ಇದ್ದರೆ ನೀರು ಅದರೊಳಗಿಂದಲೇ ಹರಿದು ಬರುತ್ತದೆ, ಹಾಗಾಗಿ ಕವಚ ಸುಲಿದು ಒಂದೊಂದು ತಂತಿಯನ್ನೂ ಎಪಾಕ್ಸಿಯಲ್ಲಿ ಮುಳುಗಿಸಿ.

10 ಮೀಟರಿಗೆ 1 ಬಾರ್ ಎಂಬ ಸರಳ ಲೆಕ್ಕ ಎಲ್ಲಿಯವರೆಗೆ ಎಳೆಯುತ್ತದೆ ನೋಡಿ: ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಆಳಸಮುದ್ರಕ್ಕೆ ಮನುಷ್ಯರನ್ನು ಕಳಿಸುವ ಸಮುದ್ರಯಾನ ಯೋಜನೆಗೆ ಕಟ್ಟುತ್ತಿರುವ ಮತ್ಸ್ಯ-6000 ನೌಕೆ 6,000 ಮೀಟರಿಗೆ ಹೋಗಬೇಕು, ಅಂದರೆ ಸುಮಾರು 600 ಬಾರ್. ಮೂವರು ಕೂರುವ ಅದರ ಗೋಲದ ಒಳವ್ಯಾಸ 2.1 ಮೀಟರ್, ಟೈಟಾನಿಯಂ ಗೋಡೆ 80 ಮಿ.ಮೀ. ದಪ್ಪ.

ರಾತ್ರಿ_ಬಸ್

ಸಿಲಿಂಡರ್ ಒತ್ತಡವನ್ನ ಕಂಪ್ಯೂಟರಲ್ಲೇ ತೋರಿಸೋ ಟ್ರಾನ್ಸ್‌ಮಿಟರ್ ತಗೋಬಹುದಾ? ಫೋನಿಗೆ ಬ್ಲೂಟೂತ್ ಇರೋ ಹಾಗೇನಾ ಅದು?

ಓರಿಂಗ್_012

ಬ್ಲೂಟೂತ್ ಅಲ್ಲ. 2.4 ಗಿಗಾಹರ್ಟ್ಸ್ ತರಂಗವನ್ನು ಸಮುದ್ರದ ನೀರು ಕೆಲವೇ ಸೆಂಟಿಮೀಟರಿನಲ್ಲಿ ನುಂಗಿಬಿಡುತ್ತದೆ. ಅದಕ್ಕೆ ಹೆಚ್ಚಿನ ಟ್ರಾನ್ಸ್‌ಮಿಟರುಗಳು 38 ಕಿಲೋಹರ್ಟ್ಸ್ ಆಸುಪಾಸಿನ ಕಡಿಮೆ ಆವರ್ತನದಲ್ಲಿ, ಮೀಟರ್ ಒಂದೆರಡರ ದೂರಕ್ಕೆ ಕೆಲಸ ಮಾಡುತ್ತವೆ. ಗಾರ್ಮಿನ್ ಶಬ್ದತರಂಗ ಬಳಸುತ್ತದೆ, ಹಾಗಾಗಿ ಜೊತೆಗಾರರ ಸಿಲಿಂಡರೂ ಕಾಣುತ್ತದೆ. ಕಂಪ್ಯೂಟರ್ ಇರುವ ಕೈಯ ಕಡೆಗೇ ಟ್ರಾನ್ಸ್‌ಮಿಟರ್ ಬರುವಂತೆ ಹಾಕಿದರೆ ಸಂಕೇತ ತಪ್ಪುವುದು ಕಡಿಮೆ. ರೆಗ್ಯುಲೇಟರಿನ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಹೈ ಪ್ರೆಶರ್ ಪೋರ್ಟಿಗೆ ಮಾತ್ರ ಹಾಕಬೇಕು (7/16 ಇಂಚು ಥ್ರೆಡ್, ಲೋ ಪ್ರೆಶರ್ 3/8). ಸಿಲಿಂಡರ್ ಎತ್ತುವಾಗ ಅದನ್ನು ಹಿಡಿಕೆ ಮಾಡಿಕೊಂಡರೆ ಬುಡದಲ್ಲೇ ಮುರಿಯುತ್ತದೆ, ದೋಣಿಯ ಹುಡುಗರಿಗೆ ಮೊದಲೇ ಹೇಳಿಡಿ. ಮುಳ್ಳಿನ ಗೇಜ್ ತೆಗೆಯಬೇಡಿ, ಅದೂ ಇರಲಿ.

ರೆಗ್ಯುಲೇಟರ್ ಸ್ವಂತದ್ದಾದರೆ ಹೊರಡುವ ಎರಡು ವಾರ ಮೊದಲೇ ಪರೀಕ್ಷಿಸಿ. ಹಿಂದಿನ ದಿನ ಗೊತ್ತಾದರೆ ಬೆಂಗಳೂರಿನಲ್ಲಿ ಬಿಡಿಭಾಗ ಸಿಗುವ ಖಾತ್ರಿಯಿಲ್ಲ. ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ಟಿನ) ಇನ್‌ಫ್ಲೇಟರ್ ಹೋಸಿಗೆ ಇಂಟರ್‌ಮೀಡಿಯೆಟ್ ಪ್ರೆಶರ್ ಗೇಜ್ ಸಿಕ್ಕಿಸಿ, ಸಿಲಿಂಡರ್ ತೆರೆದು, ಗಾಳಿ ಹೊರಬಿಡುವ ಪರ್ಜ್ ಬಟನ್ ಹಲವು ಸಲ ಒತ್ತಿಬಿಡಿ. ಹೆಚ್ಚಿನ ರೆಗ್ಯುಲೇಟರುಗಳಲ್ಲಿ ಮುಳ್ಳು 9ರಿಂದ 10 ಬಾರ್ ನಡುವೆ ಬಂದು ಗಕ್ಕನೆ ನಿಲ್ಲಬೇಕು. ನಿಂತ ಮೇಲೂ ಮೆಲ್ಲಗೆ ಏರುತ್ತಲೇ ಹೋದರೆ ಫಸ್ಟ್ ಸ್ಟೇಜಿನ (ಸಿಲಿಂಡರಿಗೆ ಕೂರುವ ಭಾಗದ) ಹೈ ಪ್ರೆಶರ್ ಸೀಟ್ ಸವೆದಿದೆ. ಸ್ವಲ್ಪ ಹೊತ್ತಿಗೆ ಸೆಕೆಂಡ್ ಸ್ಟೇಜ್ (ಬಾಯಲ್ಲಿಡುವ ಭಾಗ) ತಾನಾಗಿ ಗಾಳಿ ಉಗುಳಲು ಶುರುಮಾಡುತ್ತದೆ. ಹಾಗಾದಾಗ ಸೆಕೆಂಡ್ ಸ್ಟೇಜನ್ನು ಬಿಗಿ ಮಾಡಿ ಸದ್ದಡಗಿಸುವುದು ಕೆಟ್ಟ ಪದ್ಧತಿ. ಮೂಲ ದೋಷ ಹಾಗೇ ಉಳಿದು, ಉಸಿರೆಳೆಯುವುದೂ ಕಷ್ಟವಾಗುತ್ತದೆ. ಈ ಒತ್ತಡ ಸುತ್ತಲಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕ, ಹಾಗಾಗಿ ಬೆಂಗಳೂರಿನ ಓದು ಮುರುಡೇಶ್ವರಕ್ಕೂ ಸರಿ.

ಒಂದು ಚಿಕ್ಕ ಡಬ್ಬಿಯಲ್ಲಿ ಇವಿಷ್ಟು ಓ-ರಿಂಗ್ ಇಟ್ಟುಕೊಳ್ಳಿ (ಅಂಕಿಗಳು ಅಳತೆಯ ಸಂಖ್ಯೆ; ಯೋಕ್, ಡಿನ್ ಅಂದರೆ ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸುವ ಎರಡು ಬಗೆ): ಯೋಕ್ ಸಿಲಿಂಡರ್ ಬಾಯಿಗೆ 014 (ಗಡಸು 90 ಇರಲಿ, ಮೆತ್ತನೆಯದು ಹಿಂಡಿ ಹೊರಬಂದು ಸಿಡಿಯುತ್ತದೆ), ಡಿನ್ ರೆಗ್ಯುಲೇಟರಿಗೆ 112, ಹೈ ಪ್ರೆಶರ್ ಹೋಸಿಗೆ 012, ಲೋ ಪ್ರೆಶರಿಗೆ 011, ಗೇಜಿನ ಸ್ಪೂಲಿಗೆ 003 ಎರಡು. ಗೇಜ್ ಹೋಸಿಗೆ ಸೇರುವ ಜಾಗದಿಂದ ಸಣ್ಣ ಗುಳ್ಳೆ ಸಾಲಾಗಿ ಬಂದರೆ ಅದು ಈ ಸ್ಪೂಲೇ. ಬಾಡಿಗೆ ಸಿಲಿಂಡರ್ ಯೋಕೋ ಡಿನ್ನೋ ಅಂತ ಮೊದಲೇ ವಿಚಾರಿಸಿ. ನಿಮ್ಮದು ಡಿನ್ ಆಗಿದ್ದರೆ ಅಡಾಪ್ಟರ್ ಬ್ಯಾಗಿನಲ್ಲಿರಲಿ.

ತೇಲುತೂಕ

ಈಗ ತೂಕ. ಈಜುಕೊಳದ 4 ಕೆಜಿ ಸಮುದ್ರದಲ್ಲಿ ಸಾಲುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 2.5 ಸಾಂದ್ರ. ನೀವೂ ನಿಮ್ಮ ಗೇರೂ ಸೇರಿ 90 ಕೆಜಿ ಇದ್ದರೆ ಸುಮಾರು 2.3 ಕೆಜಿ ಹೆಚ್ಚು ಬೇಕು. ಈಜುಕೊಳದಲ್ಲಿ ಬರೀ ಟೀ ಶರ್ಟಿನಲ್ಲಿದ್ದು ಅಲ್ಲಿ 3 ಮಿ.ಮೀ. ವೆಟ್‌ಸೂಟ್ ಹಾಕಿದರೆ ಇನ್ನೂ ಒಂದೆರಡು ಕೆಜಿ ಸೇರುತ್ತದೆ. ಹಾಗಂತ ಕಣ್ಣುಮುಚ್ಚಿ 8 ಕೆಜಿ ಕಟ್ಟಿಕೊಳ್ಳಬೇಡಿ.

ಪರೀಕ್ಷೆ ಹೀಗೆ ಮಾಡಿ: ಬಿಸಿಡಿ ಪೂರ್ತಿ ಖಾಲಿ, ರೆಗ್ಯುಲೇಟರ್ ಬಾಯಲ್ಲಿ, ಸಾಮಾನ್ಯ ಉಸಿರು ಹಿಡಿದು ನೇರ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದರೆ 2 ಕೆಜಿ ಸೇರಿಸಿ. ಯಾಕೆಂದರೆ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಿಂದ 150 ಬಾರ್ ಬಳಸಿದರೆ 1,665 ಲೀಟರ್ ಗಾಳಿ ಹೋಗುತ್ತದೆ, ಅದರ ತೂಕವೇ 2 ಕೆಜಿ. ಡೈವ್ ಶುರುವಿನಲ್ಲಿ ಸರಿಯಾಗಿದ್ದವರು ಕೊನೆಗೆ 5 ಮೀಟರಿನ ಸೇಫ್ಟಿ ಸ್ಟಾಪಿನಲ್ಲಿ ನಿಲ್ಲಲಾಗದೆ ಮೇಲಕ್ಕೆ ಚಿಮ್ಮುವುದು ಇದಕ್ಕೇ. ಸಾರಜನಕ ಹೊರಹೋಗಬೇಕಾದ ಮೂರು ನಿಮಿಷ ಅಲ್ಲೇ ತಪ್ಪುತ್ತದೆ.

ಗಾಳಿಯ ಲೆಕ್ಕವನ್ನೂ ಕಾಗದದ ಮೇಲೆ ಮಾಡಿಕೊಳ್ಳಿ. ಓಪನ್ ವಾಟರ್ ಮಿತಿ 18 ಮೀಟರ್, ಅಲ್ಲಿ 2.8 ಬಾರ್. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರು ಅಲ್ಲಿ 50 ಲೀಟರ್ ಬಳಸುತ್ತಾರೆ; 150 ಬಾರ್ ಸುಮಾರು 33 ನಿಮಿಷ ಬರುತ್ತದೆ. "50 ಬಾರ್ ಉಳಿಸಿಕೊಂಡು ಮೇಲೆ ಬನ್ನಿ" ಎಂಬುದು ಮೇಲ್ಮೈ ಮುಟ್ಟಿದಾಗ ಇರಬೇಕಾದ ಅಂಕಿ, ತಳ ಬಿಡುವಾಗಿನದ್ದಲ್ಲ. ಜೊತೆಗಾರರ ಗಾಳಿ 18 ಮೀಟರಿನಲ್ಲಿ ನಿಂತುಹೋಯಿತು ಅಂದುಕೊಳ್ಳಿ. ಗಾಬರಿಯಲ್ಲಿ ತಲಾ 30, ಇಬ್ಬರಿಗೆ ನಿಮಿಷಕ್ಕೆ 60 ಲೀಟರ್. ಸಂಭಾಳಿಸಿಕೊಳ್ಳಲು 1 ನಿಮಿಷಕ್ಕೆ 168 ಲೀಟರ್, ನಿಮಿಷಕ್ಕೆ 9 ಮೀಟರಿನಂತೆ ಮೇಲೇರುವ 2 ನಿಮಿಷಕ್ಕೆ 228, 5 ಮೀಟರಿನಲ್ಲಿ 3 ನಿಮಿಷಕ್ಕೆ 270. ಒಟ್ಟು 666 ಲೀಟರ್, ಆ ಸಿಲಿಂಡರಿನಲ್ಲಿ 60 ಬಾರ್. ಅಂದರೆ 18 ಮೀಟರಿನಲ್ಲಿದ್ದಾಗ ಗೇಜ್ 60ಕ್ಕಿಂತ ಕೆಳಗೆ ಬಂದಿದ್ದರೆ ಇಬ್ಬರಿಗೆ ಸಾಲುವಷ್ಟು ಗಾಳಿ ನಿಮ್ಮ ಬಳಿ ಇಲ್ಲ.

ಹನುಮಂತನಗರ_ಅಲೆ

ಬಹಳ ಉಪಕಾರವಾಯಿತು. ನೈಟ್ರಾಕ್ಸ್ (ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ) ಬಳಸಿದರೆ ಕಾಯುವ ಸಮಯ ಕಡಿಮೆ ಮಾಡಬಹುದಾ? ನಮ್ಮಲ್ಲಿ ಇಬ್ಬರಿಗೆ ಆ ಕೋರ್ಸೂ ಆಗಿದೆ. ಹೌಸಿಂಗ್ ಬಗ್ಗೆಯೂ ಯಾರಾದರೂ ಹೇಳಿ.

ಸೊನ್ನೆ_ಮೀಟರ್

ಸಾರಜನಕ ಕಡಿಮೆ ಸೇರುವುದು ನಿಜ. ಶೇ. 32 ಆಮ್ಲಜನಕ ಇರುವ, ಅಂದರೆ 32ರ, ಮಿಶ್ರಣದಲ್ಲಿ 18 ಮೀಟರ್ ಅಂದರೆ ಗಾಳಿಯಲ್ಲಿ ಸುಮಾರು 14 ಮೀಟರಿಗೆ ಸಮ. ಆದರೆ ಅದನ್ನು ಹೆಚ್ಚುವರಿ ರಕ್ಷಣೆ ಅಂತ ಇಟ್ಟುಕೊಳ್ಳಿ, 18 ಗಂಟೆಯಿಂದ ಕಳೆಯಬೇಡಿ. ಆಳದ ಮಿತಿ ಮರೆಯಬೇಡಿ: ಆಮ್ಲಜನಕದ ಪಾಲು-ಒತ್ತಡದ ಮಿತಿ 1.4 ಬಾರ್ ಅಂತ ಹಿಡಿದರೆ 32ಕ್ಕೆ 33 ಮೀಟರ್, 36ಕ್ಕೆ 28. ಅಲ್ಲಿ ನೈಟ್ರಾಕ್ಸ್ ಸಿಗುತ್ತದೆಯೇ ಎಂದು ಬುಕಿಂಗ್‌ಗೆ ಮೊದಲೇ ಕೇಳಿ.

ಮಿಶ್ರಣದ ಆಮ್ಲಜನಕ ಅಳೆಯುವ ಅನಲೈಸರ್ ಇಟ್ಟುಕೊಂಡ ಬೆಂಗಳೂರಿಗರಿಗೆ ಒಂದು ಎಚ್ಚರಿಕೆ. ಅದರ ಸೆಲ್ ಆಮ್ಲಜನಕದ ಪಾಲು-ಒತ್ತಡಕ್ಕೆ ಸ್ಪಂದಿಸುತ್ತದೆ, ಶೇಕಡಾವಾರಿಗಲ್ಲ. ಸಮುದ್ರಮಟ್ಟದಲ್ಲಿ 10 ಮಿಲಿವೋಲ್ಟ್ ಕೊಡುವ ಸೆಲ್ ಇಲ್ಲಿ ಸುಮಾರು 9 ಕೊಡುತ್ತದೆ. ಸತ್ತುಹೋಗುತ್ತಿದೆ ಅಂತ ಎಸೆಯುವ ಅಗತ್ಯವಿಲ್ಲ. ಇಲ್ಲಿ 20.9ಕ್ಕೆ ಹೊಂದಿಸಿ, ಅಲ್ಲಿ ಮತ್ತೆ ಹೊಂದಿಸದೆ ಅಳೆದರೆ 32ರ ಮಿಶ್ರಣ ಸುಮಾರು 36 ಅಂತ ತೋರಿಸುತ್ತದೆ. ಕಂಪ್ಯೂಟರಿಗೆ 36 ಅಂತ ಹೇಳಿ 32 ಉಸಿರಾಡಿದರೆ ಅದು ನಿಮ್ಮ ಸಾರಜನಕವನ್ನು ಕಡಿಮೆ ಎಣಿಸುತ್ತದೆ. ದೋಣಿ ಹತ್ತುವ ಜಾಗದಲ್ಲೇ ಗಾಳಿಯಲ್ಲಿ ಹೊಂದಿಸಿ, ಅಲ್ಲೇ ಅಳೆಯಿರಿ.

ಓರಿಂಗ್_012

ಹೌಸಿಂಗನ್ನು ಇಲ್ಲಿ ಮುಚ್ಚಬೇಡಿ. ಬೆಂಗಳೂರಿನ 907 ಮಿಲಿಬಾರ್ ಒಳಗೆ ಸಿಕ್ಕಿಕೊಂಡು, ಹೊರಗೆ 1,013 ಇರುತ್ತದೆ. 10 × 10 ಸೆಂ.ಮೀ. ಮುಚ್ಚಳದ ಮೇಲೆ ಸುಮಾರು 11 ಕೆಜಿಯಷ್ಟು ಒತ್ತಡ ಬೀಳುತ್ತದೆ. ತೆರೆಯಲು ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಓ-ರಿಂಗ್ ಕೂರುವ ಕಾಲುವೆಯೇ ಗೀರುಬೀಳುತ್ತದೆ. ಗಾಳಿಬಿಗಿ ಪೆಟ್ಟಿಗೆಯಾದರೆ ಅದರ ಒತ್ತಡದ ತಿರುಪು ಸಡಿಲಿಸಿ. ಪ್ರಯಾಣದಲ್ಲಿ ಹೌಸಿಂಗಿನ ಓ-ರಿಂಗ್ ತೆಗೆದು ಬೇರೆ ಚೀಲದಲ್ಲಿಡಿ.

ಮುರುಡೇಶ್ವರದಲ್ಲಿ ಮುಚ್ಚುವುದೂ ಬೀಚಿನಲ್ಲಲ್ಲ, ಎಸಿ ಇರುವ ಕೋಣೆಯಲ್ಲಿ, ಹಿಂದಿನ ರಾತ್ರಿ. ಕರಾವಳಿಯ ತೇವದ ಗಾಳಿ ಒಳಗೆ ಸೇರಿದರೆ ಕ್ಯಾಮೆರಾ ಬಿಸಿಯಾಗಿ, ನೀರು ತಾಗಿ ತಣ್ಣಗಾದ ಗಾಜಿನ ಮೇಲೆ ಮಂಜು ಕೂರುತ್ತದೆ. ಹೊಸ ಸಿಲಿಕಾ ಜೆಲ್ ಒಂದು ಪೊಟ್ಟಣ ಇಡಿ. ಓ-ರಿಂಗಿಗೆ ಗ್ರೀಸ್ ತೆಳ್ಳಗೆ, ಮಿನುಗುವಷ್ಟು ಸಾಕು. ಗ್ರೀಸ್ ಸೋರಿಕೆ ತಡೆಯುವುದಿಲ್ಲ, ರಬ್ಬರ್ ಸರಿಯಾಗಿ ಜಾರಿ ಕೂರಲು ನೆರವಾಗುತ್ತದೆ ಅಷ್ಟೆ. ಓ-ರಿಂಗೇ ಸಿಲಿಕೋನ್ ಆಗಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಉಬ್ಬುತ್ತದೆ. ಕಂಪನಿ ಕೊಟ್ಟದ್ದನ್ನೇ ಬಳಸಿ.

ರಾತ್ರಿ_ಬಸ್

ಇಷ್ಟು ದೂರ ಯಾಕೆ, ಬೆಂಗಳೂರಿನ ಸುತ್ತಮುತ್ತ ನೀರು ತುಂಬಿದ ಕಲ್ಲು ಕ್ವಾರಿಗಳಿವೆಯಲ್ಲ? ಅಭ್ಯಾಸಕ್ಕೆ ಅಲ್ಲೇ ಇಳಿದ್ರೆ ಆಗಲ್ವಾ?

ಬಾರ್_ಲೀಟರ್

ಬೇಡ ಸಾರ್. ಅನುಮತಿ ಇಲ್ಲದ ಜಾಗಗಳವು. ಕಡಿದಾದ ಗೋಡೆ, ಹತ್ತಿ ಬರಲು ದಾರಿಯಿಲ್ಲ, ತಳದಲ್ಲಿ ಕಬ್ಬಿಣ, ತಂತಿ, ಮೀನಿನ ಬಲೆ, ಒಂದು ಸಲ ಕೆಸರು ಎದ್ದರೆ ಕೈ ಕಾಣುವುದಿಲ್ಲ. ಮೇಲಾಗಿ ಅದು ಎತ್ತರದ ಡೈವ್. 300 ಮೀಟರ್ ದಾಟಿದ ಮೇಲೆ ಸಮುದ್ರಮಟ್ಟಕ್ಕೆ ಮಾಡಿದ ಡೈವ್ ಕೋಷ್ಟಕ ನೇರವಾಗಿ ನಡೆಯುವುದಿಲ್ಲ. ಇಲ್ಲಿ 18 ಮೀಟರ್ ಇಳಿದರೆ ಕೋಷ್ಟಕದಲ್ಲಿ 20 ಮೀಟರ್ ಅಂತ ನೋಡಬೇಕು. ಸಮುದ್ರಮಟ್ಟಕ್ಕೆ ಹೊಂದಿಸಿದ ಮುಳ್ಳಿನ ಆಳಮಾಪಕ ಇಲ್ಲಿ ಸುಮಾರು ಒಂದು ಮೀಟರ್ ಕಡಿಮೆ ತೋರಿಸುತ್ತದೆ. ಎರಡು ತಪ್ಪೂ ಒಂದೇ ಕಡೆಗೆ, ಅಪಾಯದ ಕಡೆಗೇ, ವಾಲುತ್ತವೆ. ತೇಲುವಿಕೆ, ಮಾಸ್ಕ್ ನೀರು ತೆಗೆಯುವುದು, ಗಾಳಿ ಹಂಚಿಕೊಳ್ಳುವುದು ಎಲ್ಲವನ್ನೂ ಈಜುಕೊಳದ 3 ಮೀಟರಿನಲ್ಲೇ ಚೆನ್ನಾಗಿ ಅಭ್ಯಾಸ ಮಾಡಬಹುದು.

ಹನುಮಂತನಗರ_ಅಲೆ

ಯೋಜನೆ ಬದಲಿಸಿದೆವು. ಗುರುವಾರ ರಾತ್ರಿ ಹೊರಟು ಶುಕ್ರವಾರ ಎರಡು ಡೈವ್, ಶನಿವಾರ ಬೆಳಿಗ್ಗೆ ಎರಡು, 12ಕ್ಕೆ ಮುಕ್ತಾಯ. ಶನಿವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಭಾನುವಾರ ಬೆಳಿಗ್ಗೆ 8ಕ್ಕೆ ಹೊರಡುತ್ತೇವೆ. ಗೇರುಸೊಪ್ಪ ಘಾಟಿಗೆ ಬರುವಷ್ಟರಲ್ಲಿ 21 ಗಂಟೆ ಆಗಿರುತ್ತದೆ. ಒಂದು ದಿನ ರಜೆ ಹಾಕಬೇಕು, ಹಾಕಿದ್ದೇವೆ.

ಬಾರ್_ಲೀಟರ್

ಇದು ಸರಿಯಾಗಿದೆ. ಎರಡೂ ದಿನ ಆಳದ ಡೈವ್ ಮೊದಲು, ಕಡಿಮೆ ಆಳದ್ದು ಆಮೇಲೆ, ನಡುವೆ ಕನಿಷ್ಠ ಒಂದು ಗಂಟೆ ದೋಣಿಯಲ್ಲಿ. ಗುರುವಾರ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರದಿದ್ದರೆ ಶುಕ್ರವಾರ ಒಂದೇ ಡೈವ್ ಮಾಡಿ. ಶನಿವಾರ ಸಂಜೆ ಮುರುಡೇಶ್ವರದಲ್ಲೇ ಸುತ್ತಾಡಿ. ಜೋಗ ಹತ್ತಿರ ತಾನೆ ಅಂತ ಹೊರಟರೆ ಅದೂ ಘಾಟಿ ಹತ್ತಿದ ಹಾಗೆಯೇ.

ಓರಿಂಗ್_012

ಗೇರ್ ತೊಳೆಯುವುದನ್ನು ಬೆಂಗಳೂರಿಗೆ ಬಂದ ಮೇಲೆ ಅಂತ ಇಟ್ಟುಕೊಳ್ಳಬೇಡಿ, ದಾರಿಯಲ್ಲೇ ಉಪ್ಪು ಹರಳುಗಟ್ಟುತ್ತದೆ. ಶನಿವಾರ ಮಧ್ಯಾಹ್ನವೇ ರೆಗ್ಯುಲೇಟರಿನ ಡಸ್ಟ್ ಕ್ಯಾಪ್ ಒಣಗಿಸಿ ಬಿಗಿದು, ಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೆನೆಸುವಾಗ ಪರ್ಜ್ ಬಟನ್ ಒತ್ತಬಾರದು, ನೀರು ಹೋಸಿನ ಮೂಲಕ ಫಸ್ಟ್ ಸ್ಟೇಜಿಗೆ ಇಳಿಯುತ್ತದೆ. ಬಿಸಿಡಿಯೊಳಕ್ಕೂ ನೀರು ಬಿಟ್ಟು ಕುಲುಕಿ ಚೆಲ್ಲಿ. ಮನೆಗೆ ಬಂದು ಎರಡನೇ ಸಲ ತೊಳೆಯುವುದಾದರೆ ಕಾವೇರಿ ನೀರು ಬಳಸಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಪುಡಿ ಬಿಡುತ್ತದೆ, ಇನ್‌ಫ್ಲೇಟರ್ ಬಟನ್ ಅಂಟಿಕೊಳ್ಳಲು ಅದೇ ಸಾಕು. ನೆರಳಲ್ಲಿ ನೇತುಹಾಕಿ ಒಣಗಿಸಿ, ಮುಂದಿನ ಸಲದವರೆಗೆ ಬಿಸಿಡಿಯಲ್ಲಿ ಸ್ವಲ್ಪ ಗಾಳಿ ತುಂಬಿಡಿ.